ಹಳೇ ಹೆವಿ-ಡ್ಯೂಟಿ ಪಿಕಪ್‌ನ ಮುಂದಿನ ಸಸ್ಪೆನ್ಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳಲ್ಲಿ ಅರ್ಧ ಜನ ನನ್ನನ್ನು ಕೇಳಿದವು. ಇನ್ನರ್ಧ ಒಂದು ಕಾಲದಲ್ಲಿ ನಾನೇ ಬೇರೆಯವರನ್ನು ಕೇಳಿ ಅವರ ತಲೆ ತಿಂದವು. ಮುಕ್ಕಾಲು ಟನ್, ಒಂದು ಟನ್ ವರ್ಗದ ಹಳೇ ಫೋರ್-ವೀಲ್ ಡ್ರೈವ್ ಪಿಕಪ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಫೋರ್ಡ್‌ನವು, ಯಾಕೆಂದರೆ ನನ್ನ ಕೈಗೆ ಗ್ರೀಸ್ ಹತ್ತಿದ್ದು ಹೆಚ್ಚಾಗಿ ಅವುಗಳಿಂದಲೇ.

ನನ್ನ ಗಾಡಿಯ ಮುಂದೆ ಯಾವ ಥರದ ಸಸ್ಪೆನ್ಷನ್ ಇದೆ ಅಂತ ಹೇಗೆ ಗೊತ್ತಾಗುತ್ತದೆ?

ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿ. ಎಡ ಚಕ್ರದಿಂದ ಬಲ ಚಕ್ರದವರೆಗೆ ಒಂದೇ ಉದ್ದನೆಯ ಹೌಸಿಂಗ್ (ಆಕ್ಸಲ್‌ನ ಹೊರ ಕವಚ) ಇದ್ದರೆ ಅದು ಸಾಲಿಡ್ ಆಕ್ಸಲ್. ಹೌಸಿಂಗ್ ಎರಡು ತುಂಡಾಗಿ, ಮಧ್ಯದಲ್ಲಿ ಒಂದರ ಪಕ್ಕ ಒಂದು ದಾಟಿಹೋಗುವಂತಿದ್ದರೆ ಅದು ಫೋರ್ಡ್‌ನ ಟ್ವಿನ್ ಟ್ರ್ಯಾಕ್ಷನ್ ಬೀಮ್, ಅಂದರೆ ಟಿಟಿಬಿ. ಸ್ಪ್ರಿಂಗ್ ಎಂಬುದೇ ಕಾಣದೆ, ಛಾಸಿಯ ಉದ್ದಕ್ಕೆ ಒಂದು ದಪ್ಪ ಸರಳು ಮಲಗಿದ್ದರೆ ಟಾರ್ಷನ್ ಬಾರ್.

ವರ್ಷದಿಂದಲೂ ಅಂದಾಜು ಮಾಡಬಹುದು. ಫೋರ್ಡ್ ಎಫ್-250ರ ಫೋರ್-ವೀಲ್ ಡ್ರೈವ್ ಗಾಡಿಗಳಲ್ಲಿ 1980ರಿಂದ 1997ರವರೆಗೆ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳನ್ನು, ಅಂದರೆ ಬ್ಲೇಡುಗಳನ್ನು, ಒಂದರ ಮೇಲೊಂದು ಜೋಡಿಸಿದ್ದು) ಮೇಲೆ ಕೂತ ಟಿಟಿಬಿ. 1986ರಿಂದ 1997ರ ಎಫ್-350ರಲ್ಲಿ ಲೀಫ್ ಜೊತೆ ಡಾನಾ ಕಂಪನಿಯ ‘ಡಾನಾ 60’ ಸಾಲಿಡ್ ಆಕ್ಸಲ್. 1999ರಿಂದ 2004ರ ಸೂಪರ್ ಡ್ಯೂಟಿಯಲ್ಲೂ (ಅದೇ ಎಫ್-250, ಎಫ್-350ರ ಮುಂದಿನ ಪೀಳಿಗೆ) ಲೀಫ್ ಮತ್ತು ಸಾಲಿಡ್ ಆಕ್ಸಲ್ಲೇ. 2005ರಲ್ಲಿ ಅಲ್ಲಿಗೆ ಕಾಯಿಲ್, ಅಂದರೆ ಸುರುಳಿ ಸ್ಪ್ರಿಂಗ್, ಬಂತು. ಡಾಡ್ಜ್ ರಾಮ್ 1994ರಲ್ಲೇ ಲೀಫ್ ಬಿಟ್ಟು ಕಾಯಿಲ್‌ಗೆ ಹೋಗಿತ್ತು. ಜಿಎಂ (ಜನರಲ್ ಮೋಟಾರ್ಸ್) 1988ರ ಹೊಸ ಮಾದರಿಯಿಂದ ಸಾಲಿಡ್ ಆಕ್ಸಲ್ಲನ್ನೇ ಕೈಬಿಟ್ಟು ಟಾರ್ಷನ್ ಬಾರ್ ಹಿಡಿಯಿತು. ಹಳೇ ಗಾಡಿ ಅಂದ ಮೇಲೆ ಹಿಂದಿನ ಮಾಲೀಕರು ಏನೇನು ಬದಲಿಸಿದ್ದಾರೋ ಹೇಳಲಾಗದು. ಆದ್ದರಿಂದ ವರ್ಷ ನಂಬುವುದಕ್ಕಿಂತ ಕಣ್ಣು ನಂಬಿ.

ಗಾಡಿ ಕಲ್ಲಿನ ಹಾಗೆ ಕುಲುಕುತ್ತದೆ. ಒಳ್ಳೆ ಶಾಕ್ ಹಾಕಿದರೆ ಸರಿಹೋಗುತ್ತಾ?

ಸ್ವಲ್ಪ. ಆದರೆ ನಿಮ್ಮ ದೂರು ನಿಜವಾಗಿ ಶಾಕ್ ಬಗ್ಗೆ ಇರಲಿಕ್ಕಿಲ್ಲ. ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಶಾಕ್ ಆ ಸ್ಪ್ರಿಂಗ್ ಕುಣಿಯದಂತೆ ತಡೆಯುತ್ತದೆ, ಅಷ್ಟೇ. ಸ್ಪ್ರಿಂಗೇ ಗಡಸಾಗಿದ್ದರೆ ಎಷ್ಟು ದುಬಾರಿ ಶಾಕ್ ಹಾಕಿದರೂ ಗಡಸುತನ ಹೋಗುವುದಿಲ್ಲ.

ಮೊದಲು ಟೈರಿನ ಗಾಳಿ ನೋಡಿ. ಈ ವರ್ಗದ ಟೈರ್‌ಗಳಿಗೆ ಪೂರ್ತಿ ಲೋಡಿಗೆ 80 ಪಿಎಸ್‌ಐವರೆಗೆ ಗಾಳಿ ಹಿಡಿಸುತ್ತದೆ. ಪಕ್ಕದ ಗೋಡೆಯ ಮೇಲೆ ಬರೆದಿದೆ ಅಂತ ಖಾಲಿ ಗಾಡಿಗೂ ಅಷ್ಟೇ ತುಂಬಿಸಿದರೆ ಕುಲುಕದೆ ಇನ್ನೇನು? ಬಾಗಿಲಿನ ಲೇಬಲ್ ಮೇಲೆ ಮುಂದಿನ ಮತ್ತು ಹಿಂದಿನ ಟೈರಿಗೆ ಬೇರೆ ಬೇರೆಯಾಗಿ ಬರೆದಿರುತ್ತಾರೆ, ಅದನ್ನು ನೋಡಿ. ಆಮೇಲೆ ಸ್ಪ್ರಿಂಗಿನ ಬ್ಲೇಡುಗಳ ಸಂದಿ ನೋಡಿ. ತುಕ್ಕು ಹಿಡಿದು ಬ್ಲೇಡುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದರೆ ಅದು ಸ್ಪ್ರಿಂಗ್ ಆಗಿ ಉಳಿದಿಲ್ಲ, ಕಬ್ಬಿಣದ ದಿಮ್ಮಿ ಆಗಿದೆ. ಸ್ಪ್ರಿಂಗಿನ ಒಂದು ತುದಿಯನ್ನು ಛಾಸಿಗೆ ತೂಗುಹಾಕುವ ಕೊಂಡಿ, ಅಂದರೆ ಶಾಕಲ್, ಅದರ ಬುಷ್ (ಕೀಲಿನೊಳಗೆ ಕೂರುವ ಕೊಳವೆ) ಬಿಗಿದು ತಿರುಗದಿದ್ದರೂ ಇದೇ ಕಥೆ. ಬಂಪ್ ಸ್ಟಾಪ್ (ಆಕ್ಸಲ್ ಛಾಸಿಗೆ ಬಡಿಯದಂತೆ ಇಟ್ಟ ರಬ್ಬರ್ ತುಂಡು) ಮತ್ತು ಹೌಸಿಂಗ್ ನಡುವೆ ಎಷ್ಟು ಜಾಗ ಉಳಿದಿದೆ ಅಂತಲೂ ಅಳೆಯಿರಿ. ಸ್ಪ್ರಿಂಗ್ ಸೋತು ಆ ಜಾಗ ಎರಡು ಬೆರಳಿಗಿಳಿದಿದ್ದರೆ ನೀವು ಓಡಿಸುತ್ತಿರುವುದು ಸ್ಪ್ರಿಂಗ್ ಮೇಲಲ್ಲ, ರಬ್ಬರ್ ತುಂಡಿನ ಮೇಲೆ.

ಯಾವುದೇ ಬದಲಾವಣೆಗೆ ಮುಂಚೆ ಏನು ಪರೀಕ್ಷಿಸಬೇಕು?

ಇದೊಂದು ಉತ್ತರವನ್ನು ಮಾತ್ರ ದಯವಿಟ್ಟು ದಾಟಿ ಹೋಗಬೇಡಿ. ಸವೆದ ಮುಂಭಾಗದ ಮೇಲೆ ಹೊಸ ಸ್ಪ್ರಿಂಗ್, ದೊಡ್ಡ ಟೈರ್ ಹಾಕಿದರೆ ಸಣ್ಣ ಸಡಿಲಗಳೆಲ್ಲ ದೊಡ್ಡದಾಗುತ್ತವೆ. ಒಮ್ಮೆ ನಾನೇ ಹೊಸ ಸ್ಪ್ರಿಂಗ್, ಹೊಸ ಶಾಕ್ ಎಲ್ಲ ಹಾಕಿ ಗಾಡಿ ತೆಗೆದೆ. ಮೊದಲಿಗಿಂತ ಜಾಸ್ತಿ ಓಲಾಡಿತು. ತಪ್ಪು ಇದ್ದದ್ದು ಟ್ರ್ಯಾಕ್ ಬಾರಿನ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಛಾಸಿಗೆ ಹಿಡಿದಿಡುವ ಅಡ್ಡ ಸರಳಿನ) ಬುಷ್‌ನಲ್ಲಿ. ಒಂದು ಬುಷ್ಷು! ಮೊದಲೇ ನೋಡಿದ್ದರೆ ಅರ್ಧ ದಿನದ ಕೆಲಸ.

ಪರೀಕ್ಷೆ ಹೀಗೆ. ಗಾಡಿ ತನ್ನ ಚಕ್ರದ ಮೇಲೇ ನಿಂತಿರಲಿ, ಎತ್ತಬೇಡಿ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಎಂಜಿನ್ ಚಾಲೂ ಮಾಡಿ. ಒಬ್ಬರು ಒಳಗೆ ಕೂತು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ಆಡಿಸುತ್ತಿರಲಿ. ನೀವು ಕೆಳಗಿನಿಂದ ಒಂದೊಂದೇ ಕೀಲನ್ನು ನೋಡುತ್ತಾ ಹೋಗಿ: ಸ್ಟೀರಿಂಗ್ ಬಾಕ್ಸ್ ಛಾಸಿಗೆ ಕೂತ ಜಾಗ, ಆ ಬಾಕ್ಸಿನಿಂದ ಹೊರಡುವ ಪಿಟ್‌ಮನ್ ಆರ್ಮ್, ಅದನ್ನು ಚಕ್ರದ ಕಡೆಗೆ ಜೋಡಿಸುವ ಡ್ರ್ಯಾಗ್ ಲಿಂಕ್, ಎರಡೂ ಚಕ್ರಗಳನ್ನು ಜೋಡಿಸುವ ಟೈ ರಾಡಿನ ತುದಿ (ಟೈ ರಾಡ್ ಎಂಡ್), ಟ್ರ್ಯಾಕ್ ಬಾರಿನ ಎರಡೂ ತುದಿ. ಒಂದು ಭಾಗ ಅಲುಗಿದ ಮೇಲೆ ಅದರ ಜೊತೆಗಾರ ತಡವಾಗಿ ಅಲುಗಿದರೆ ಅಲ್ಲಿ ಪ್ಲೇ, ಅಂದರೆ ಸಡಿಲ, ಇದೆ. ಟ್ರ್ಯಾಕ್ ಬಾರಿನ ಬೋಲ್ಟ್ ತೂತು ಮೊಟ್ಟೆಯಾಕಾರ ಆಗಿದ್ದರೆ ಬೋಲ್ಟ್ ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಸ್ಟೀರಿಂಗ್ ಬಾಕ್ಸ್ ಸುತ್ತ ಛಾಸಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ ನೋಡಿ. 1973ರಿಂದ 1987ರ ಜಿಎಂ ಗಾಡಿಗಳಲ್ಲಿ ಅಲ್ಲಿ ಬಿರುಕು ಬಿಡುವುದು ಹೊಸ ಸಂಗತಿಯಲ್ಲ.

ಆಮೇಲೆ ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಾಡಿಸಿ. ಟೈರಿನ ಕೆಳಗೆ ಸಲಾಕೆ ಕೊಟ್ಟು ಮೀಟಿ. ಬಾಲ್ ಜಾಯಿಂಟ್ (ಚಕ್ರ ಎಡಕ್ಕೆ ಬಲಕ್ಕೆ ತಿರುಗಲು ಇರುವ ಗುಂಡು ಕೀಲು), ವೀಲ್ ಬೇರಿಂಗ್ ಎರಡೂ ಆಗ ಬಾಯಿ ಬಿಡುತ್ತವೆ. 1991ರವರೆಗಿನ ಫೋರ್ಡ್ ಡಾನಾ 60ರಲ್ಲಿ ಬಾಲ್ ಜಾಯಿಂಟ್ ಬದಲು ಕಿಂಗ್ ಪಿನ್ ಇರುತ್ತದೆ. ಅದರ ಮೇಲ್ಭಾಗದಲ್ಲಿ ಒಂದು ಬುಷ್, ಅದನ್ನು ಒತ್ತಿ ಹಿಡಿಯಲು ಒಂದು ಸ್ಪ್ರಿಂಗ್. ಆ ಬುಷ್ ಸವೆದರೆ ಚಕ್ರ ನಡುಗಲು ಶುರು. ಬದಲಿಸುವುದು ಬಾಲ್ ಜಾಯಿಂಟಿಗಿಂತ ಸುಲಭ.

ಈ ಪರೀಕ್ಷೆಯಲ್ಲಿ ಸಿಕ್ಕಿದ್ದನ್ನೆಲ್ಲ ಸರಿಮಾಡಿ ಒಂದು ತಿಂಗಳು ಓಡಿಸಿ ನೋಡಿ. ಎಷ್ಟೋ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಅವರಿಗೆ ಬೇಕಾಗಿದ್ದದ್ದು ಮಾಡಿಫೈ ಮಾಡಿದ ಗಾಡಿ ಅಲ್ಲ, ಹೊಸದರಲ್ಲಿ ಹೇಗಿತ್ತೋ ಹಾಗಿರುವ ಗಾಡಿ.

ಎಷ್ಟು ಇಂಚು ಎತ್ತರಿಸಬಹುದು?

ಯಾಕೆ ಎತ್ತರಿಸುತ್ತಿದ್ದೀರಿ ಎಂಬುದಕ್ಕೆ ಉತ್ತರ ಕೊಟ್ಟರೆ ಇಂಚು ತಾನಾಗಿಯೇ ಗೊತ್ತಾಗುತ್ತದೆ. ಸೋತ ಸ್ಪ್ರಿಂಗ್ ಬದಲಿಸಿ ಹಳೇ ಎತ್ತರಕ್ಕೆ ತರುವುದಾದರೆ ಅದು ಲಿಫ್ಟೇ ಅಲ್ಲ. 2 ಇಂಚಿನವರೆಗೆ ಸಾಮಾನ್ಯವಾಗಿ ಉದ್ದದ ಶಾಕ್ ಮತ್ತು ಅಲೈನ್‌ಮೆಂಟ್‌ನಲ್ಲಿ ಮುಗಿಯುತ್ತದೆ. 4 ಇಂಚಿಗೆ ಬಂದರೆ ಸ್ಟೀರಿಂಗ್, ಬ್ರೇಕ್ ಹೋಸ್, ಕ್ಯಾಸ್ಟರ್ (ಅದೇನು ಅಂತ ಕೆಳಗೆ ಹೇಳಿದ್ದೇನೆ), ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಎಲ್ಲವೂ ಸಾಲಾಗಿ ಬಂದು ನಿಲ್ಲುತ್ತವೆ. 6 ದಾಟಿದರೆ ನೀವು ಬೇರೆಯೇ ಗಾಡಿ ಕಟ್ಟುತ್ತಿದ್ದೀರಿ ಅಂದುಕೊಳ್ಳಿ. ಭಾರ ಹೊರುವ, ಟ್ರೈಲರ್ ಎಳೆಯುವ ಗಾಡಿಗೆ 2ರಿಂದ 3 ಇಂಚಿಗಿಂತ ಹೆಚ್ಚು ಬೇಕು ಅಂತ ನನಗೆ ಅನ್ನಿಸಿಲ್ಲ. ಬಂಪರ್ ಎತ್ತರ, ಹೆಡ್‌ಲೈಟ್ ಎತ್ತರದ ಬಗ್ಗೆ ನಿಮ್ಮಲ್ಲಿ ಯಾವ ನಿಯಮ ಇದೆ ಅಂತ ಸಾಮಾನು ಕೊಳ್ಳುವ ಮುಂಚೆಯೇ ನೋಡಿಕೊಳ್ಳಿ. ವಿಮೆಯವರಿಗೂ ತಿಳಿಸಿ.

ಮುಂದೆ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಬ್ಲಾಕ್ ಇಟ್ಟು ಎತ್ತರಿಸಬಹುದಾ?

ಬೇಡ. ಹಿಂದಿನ ಆಕ್ಸಲ್‌ಗೆ ಕಂಪನಿಯವರೇ ಬ್ಲಾಕ್ ಇಟ್ಟಿರುತ್ತಾರೆ, ಅದು ಬೇರೆ ಮಾತು. ಮುಂದೆ ಬ್ರೇಕಿನ ಪೆಟ್ಟು ಜಾಸ್ತಿ, ಜೊತೆಗೆ ಚಕ್ರ ತಿರುಗುತ್ತದೆ. ಬ್ಲಾಕ್ ಎತ್ತರವಾದಷ್ಟೂ ಆಕ್ಸಲ್‌ಗೆ ಸ್ಪ್ರಿಂಗನ್ನು ತಿರುಚಲು ಉದ್ದನೆಯ ಮೀಟುಗೋಲು ಸಿಕ್ಕ ಹಾಗೆ. ಬ್ಲಾಕ್ ಜಾರಿದರೆ ಸ್ಟೀರಿಂಗ್ ಇರುವ ಆಕ್ಸಲ್ಲೇ ಜಾರಿತು ಅಂತ ಅರ್ಥ.

ಹೊಸ ಲೀಫ್ ಆರಿಸುವಾಗ ಏನು ನೋಡಬೇಕು?

ತೂಕ. ಮುಂದಿನ ಆಕ್ಸಲ್ ಮೇಲೆ ನಿಜಕ್ಕೂ ಎಷ್ಟು ಭಾರ ಇದೆ ಅಂತ ವೇಬ್ರಿಡ್ಜ್ ಮೇಲೆ ಮುಂದಿನ ಚಕ್ರ ಮಾತ್ರ ನಿಲ್ಲಿಸಿ ತೂಗಿಸಿ. ಪೆಟ್ರೋಲ್ ಎಂಜಿನ್ ಗಾಡಿಗೆ ಡೀಸೆಲ್ ಗಾಡಿಯ ಸ್ಪ್ರಿಂಗ್ ಹಾಕಿದವರ ಬೆನ್ನು ಅವರನ್ನೇ ಬೈಯುತ್ತಿರುತ್ತದೆ. 5.9 ಲೀಟರಿನ ಕಮಿನ್ಸ್ ಒಂದೇ ಸುಮಾರು 500 ಕೆಜಿ ತೂಗುತ್ತದೆ. ಅದಕ್ಕೆಂದು ಮಾಡಿದ ಸ್ಪ್ರಿಂಗ್ ಹಗುರ ಎಂಜಿನ್ ಕೆಳಗೆ ಬಗ್ಗುವುದೇ ಇಲ್ಲ. ಹಿಮ ತಳ್ಳುವ ಬ್ಲೇಡ್ ಕಟ್ಟಲು ಅಂತ ಆರ್ಡರ್ ಮಾಡಿದ ಗಾಡಿಗಳಲ್ಲೂ ಮುಂದಿನ ಸ್ಪ್ರಿಂಗ್ ಗಡಸು. ನಿಮ್ಮದು ಅಂಥದ್ದಾಗಿದ್ದರೆ ಸಾಮಾನ್ಯ ಗಾಡಿಯ ಸ್ಪ್ರಿಂಗ್ ಹಾಕಿದರೇ ಸಾಕು, ಮಾಡಿಫಿಕೇಷನ್ ಮುಗಿಯಿತು. ಫೋರ್ಡ್‌ನಲ್ಲಿ ಸ್ಪ್ರಿಂಗಿನ ಕೋಡ್ ಚಾಲಕನ ಬಾಗಿಲಿನ ಲೇಬಲ್ ಮೇಲೇ ಇರುತ್ತದೆ.

ಎರಡನೆಯದು ಬ್ಲೇಡಿನ ದಪ್ಪ. ಇಲ್ಲಿ ಒಂದು ಚಿಕ್ಕ ಲೆಕ್ಕ ಇದೆ, ನನಗೆ ತುಂಬಾ ಇಷ್ಟವಾದದ್ದು. ಬ್ಲೇಡಿನ ಗಡಸುತನ ಅದರ ದಪ್ಪದ ಘನದಷ್ಟು ಏರುತ್ತದೆ. ದಪ್ಪ ಎರಡರಷ್ಟಾದರೆ ಗಡಸುತನ ಎಂಟರಷ್ಟು. ಅಂದರೆ ಒಂದು ದಪ್ಪ ಬ್ಲೇಡಿನ ಬದಲು ಅದರ ಅರ್ಧ ದಪ್ಪದ ಎರಡು ಬ್ಲೇಡ್ ಇಟ್ಟರೆ, ಅವು ಒಂದರ ಮೇಲೊಂದು ಸರಾಗ ಜಾರುವಂತಿದ್ದರೆ, ಗಡಸುತನ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಉದ್ದವೂ ಹೀಗೇ, ಆದರೆ ತಿರುಗುಮುರುಗು. ಸ್ಪ್ರಿಂಗ್ ಶೇಕಡಾ 10 ಉದ್ದವಾದರೆ ಗಡಸುತನ ಸುಮಾರು ಶೇಕಡಾ 25 ಕಡಿಮೆ. ಅದಕ್ಕೇ ತೆಳು ಬ್ಲೇಡು ಜಾಸ್ತಿ ಇರುವ, ಉದ್ದನೆಯ ಸ್ಪ್ರಿಂಗ್ ಮೆತ್ತಗೆ ಓಡುತ್ತದೆ. ಬ್ಲೇಡ್ ಎಷ್ಟಿವೆ ಅಂತ ಎಣಿಸಿ ಗಡಸುತನ ಹೇಳುವವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ.

ಒಂದು ಬ್ಲೇಡ್ ಸೇರಿಸಿದರೆ ಸಾಲದಾ?

ಹಿಂದೆ ಸೇರಿಸಿ, ಬೇಕಾದರೆ. ಮುಂದೆ ಸೋತ ಸ್ಪ್ರಿಂಗಿಗೆ ಒಂದು ಗಿಡ್ಡ ಬ್ಲೇಡ್ ತುರುಕಿದರೆ ಎತ್ತರ ಬರುತ್ತದೆ, ಸುಖ ಹೋಗುತ್ತದೆ. ಆ ಗಿಡ್ಡ ಬ್ಲೇಡಿನ ತುದಿ ಮುಗಿಯುವ ಜಾಗದಲ್ಲೇ ಮೇಲಿನ ಹಳೇ ಬ್ಲೇಡ್ ಬಗ್ಗತೊಡಗುತ್ತದೆ, ಕೊನೆಗೆ ಅಲ್ಲೇ ಕಟ್ ಆಗಬಹುದು.

1986–97ರ ಎಫ್-350ರಲ್ಲಿ ಶಾಕಲ್ ಹಿಂದಕ್ಕೆ ಹಾಕಿಸಿ ಅನ್ನುತ್ತಾರಲ್ಲ, ಅದರಿಂದ ನಿಜವಾಗಲೂ ಲಾಭ ಇದೆಯಾ?

ಇದೆ. ಈ ಗಾಡಿಗೆ ಮಾಡಬಹುದಾದ ಕೆಲಸಗಳಲ್ಲಿ ನನ್ನ ಮೊದಲ ಆಯ್ಕೆ ಇದೇ.

ಲೀಫ್ ಸ್ಪ್ರಿಂಗಿನ ಒಂದು ತುದಿ ಛಾಸಿಗೆ ಗಟ್ಟಿಯಾಗಿ ಕೂತಿರುತ್ತದೆ, ಇನ್ನೊಂದು ಶಾಕಲ್ ಮೇಲೆ ತೂಗಾಡುತ್ತದೆ. ಉಬ್ಬು ಸಿಕ್ಕಾಗ ಬಾಗಿದ ಸ್ಪ್ರಿಂಗ್ ನೆಟ್ಟಗಾಗುತ್ತದೆ, ನೆಟ್ಟಗಾದಾಗ ಉದ್ದವಾಗುತ್ತದೆ. ಆ ಉದ್ದ ಹೋಗುವುದು ಶಾಕಲ್ ಇರುವ ಕಡೆಗೆ. ಈ ಎಫ್-350ರಲ್ಲಿ ಶಾಕಲ್ ಇರುವುದು ಮುಂದೆ. ಹಾಗಾಗಿ ಚಕ್ರ ಉಬ್ಬಿಗೆ ಬಡಿದ ಕ್ಷಣದಲ್ಲಿ ಆಕ್ಸಲ್ ಮೇಲೇಳುವುದರ ಜೊತೆಗೆ ಮುಂದಕ್ಕೂ, ಅಂದರೆ ಉಬ್ಬಿನ ಮೈಮೇಲೇ ಹೋಗುತ್ತದೆ. ಗುದ್ದಿದ ಹಾಗೆ ಅನ್ನಿಸುವುದು ಇದಕ್ಕೇ. ಶಾಕಲ್ ಹಿಂದಕ್ಕೆ ಹಾಕಿದರೆ ಆಕ್ಸಲ್ ಪೆಟ್ಟಿನ ಜೊತೆ ಹಿಂದಕ್ಕೆ ಸರಿಯುತ್ತದೆ. ಸ್ಪ್ರಿಂಗ್ ಅದೇ ಇದ್ದರೂ ಗಾಡಿ ಬೇರೆ ಥರ ನಡೆಯುತ್ತದೆ. ಇದರ ಜೊತೆಗೇ 1999ರ ನಂತರದ ಸೂಪರ್ ಡ್ಯೂಟಿಯ ಲೀಫ್ ಹಾಕಿಕೊಳ್ಳುವವರೂ ಬಹಳ.

ಬೆಲೆ ತೆರಬೇಕಾದ್ದೂ ಇದೆ. ಆಕ್ಸಲ್ ಹಿಂದಕ್ಕೆ ಸರಿಯುವುದರಿಂದ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಮೊದಲಿಗಿಂತ ಜಾಸ್ತಿ ಒಳಗೆ ಹೊರಗೆ ಆಡುತ್ತದೆ. ಅದರ ಸ್ಲಿಪ್ ಜಾಯಿಂಟಿಗೆ (ಶಾಫ್ಟ್ ಉದ್ದ ಗಿಡ್ಡ ಆಗಲು ಬಿಡುವ ಜಾರು ಕೀಲಿಗೆ) ಅಷ್ಟು ಜಾಗ ಇದೆಯಾ ಅಂತ ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಅಳೆಯಲೇಬೇಕು. ಇಲ್ಲದಿದ್ದರೆ ಶಾಫ್ಟ್ ಟ್ರಾನ್ಸ್‌ಫರ್ ಕೇಸನ್ನು (ಮುಂದಿನ ಚಕ್ರಗಳಿಗೂ ಶಕ್ತಿ ಹಂಚುವ ಗೇರ್ ಪೆಟ್ಟಿಗೆಯನ್ನು) ನೇರವಾಗಿ ಗುದ್ದುತ್ತದೆ. ಛಾಸಿಯಿಂದ ಹಳೇ ಹ್ಯಾಂಗರ್ (ಸ್ಪ್ರಿಂಗಿನ ತುದಿ ಕೂರುವ ಬ್ರ್ಯಾಕೆಟ್) ತೆಗೆಯಲು ರಿವೆಟ್ ಒಡೆಯುವುದು ಇಡೀ ಕೆಲಸದಲ್ಲೇ ಅತಿ ಬೇಜಾರಿನ ಭಾಗ. ಅದಕ್ಕೇ ಒಂದು ದಿನ ಬೇರೆ ಇಟ್ಟುಕೊಳ್ಳಿ.

ಉದ್ದನೆಯ ಶಾಕಲ್ ಹಾಕಿ ಎತ್ತರಿಸಿದರೆ?

ಶಾಕಲ್ 2 ಇಂಚು ಉದ್ದವಾದರೆ ಗಾಡಿ ಏರುವುದು ಸುಮಾರು 1 ಇಂಚು. ಜೊತೆಗೆ ಆಕ್ಸಲ್ ಕೂಡ ತಿರುಗುತ್ತದೆ. ಶಾಕಲ್ ಮುಂದಿದ್ದರೆ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಹಿಂದಿದ್ದರೆ ಜಾಸ್ತಿಯಾಗುತ್ತದೆ, ಆದರೆ ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಆಕ್ಸಲ್‌ನ ಗೇರ್) ಕೆಳಗೆ ಮುಖ ಮಾಡುತ್ತದೆ. ಒಂದು ಸಣ್ಣ ಹೊಂದಾಣಿಕೆಗೆ ಸರಿ, ಲಿಫ್ಟ್‌ಗೆ ಅಲ್ಲ.

ಈ ಕ್ಯಾಸ್ಟರ್ ಅಂದರೇನು? ಎಷ್ಟಿರಬೇಕು?

ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗಿರದೆ ಹಿಂದಕ್ಕೆ ವಾಲಿರುತ್ತದಲ್ಲ, ಅದೇ ಕ್ಯಾಸ್ಟರ್. ಆ ವಾಲು ಇರುವುದರಿಂದಲೇ ಕೈಬಿಟ್ಟರೂ ಚಕ್ರ ತಾನಾಗಿ ನೇರವಾಗುತ್ತದೆ. ಕಡಿಮೆಯಾದರೆ ಗಾಡಿ ರಸ್ತೆಯಲ್ಲಿ ಅಲೆದಾಡುತ್ತದೆ, ತಿರುವಿನ ಬಳಿಕ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಸಾಲಿಡ್ ಆಕ್ಸಲ್ ಪಿಕಪ್‌ಗಳು ಸುಮಾರು 3ರಿಂದ 5 ಡಿಗ್ರಿಯಲ್ಲಿ ಖುಷಿಯಾಗಿರುತ್ತವೆ. ಎಡ ಬಲದ ನಡುವೆ ಅರ್ಧ ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಗಾಡಿ ಒಂದು ಕಡೆ ಎಳೆಯಲು ಶುರುಮಾಡಬಹುದು.

ಲೀಫ್ ಗಾಡಿಯಲ್ಲಿ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಓರೆಯಾದ ಶಿಮ್ ಇಟ್ಟು ಕ್ಯಾಸ್ಟರ್ ತಿದ್ದುತ್ತಾರೆ. ಉಕ್ಕಿನ ಶಿಮ್ ಹಾಕಿ, ಅಲ್ಯುಮಿನಿಯಂನದು ಒಡೆದು ಉದುರಿದ್ದನ್ನು ನೋಡಿದ್ದೇನೆ. ಕಾಯಿಲ್ ಮತ್ತು ರೇಡಿಯಸ್ ಆರ್ಮ್ (ಆಕ್ಸಲ್‌ನಿಂದ ಹಿಂದಕ್ಕೆ ಛಾಸಿಗೆ ಹೋಗುವ ತೋಳು) ಇರುವ ಗಾಡಿ ಎತ್ತರಿಸಿದರೆ ಆರ್ಮ್ ಇಳಿಜಾರಾಗಿ ಆಕ್ಸಲ್ ಮುಂದಕ್ಕೆ ಮುಗ್ಗರಿಸುತ್ತದೆ, ಕ್ಯಾಸ್ಟರ್ ಹೋಗುತ್ತದೆ. ಅಲ್ಲಿ ಆರ್ಮ್‌ನ ಹಿಂದಿನ ಬ್ರ್ಯಾಕೆಟ್ ಕೆಳಗಿಳಿಸಬೇಕು.

ಒಂದು ಸಿಕ್ಕು ಇದೆ. ಸಾಲಿಡ್ ಆಕ್ಸಲ್‌ನಲ್ಲಿ ಕ್ಯಾಸ್ಟರ್ ಮತ್ತು ಪಿನಿಯನ್ ಕೋನ ಎರಡೂ ಒಂದೇ ಕಬ್ಬಿಣದ ಮೇಲಿವೆ. ಕ್ಯಾಸ್ಟರ್ ಹೆಚ್ಚಿಸಲು ಆಕ್ಸಲ್ ತಿರುಗಿಸಿದರೆ ಪಿನಿಯನ್ ಕೆಳಗೆ ನೋಡುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಜಾಯಿಂಟಿಗೆ ಕೋನ ಜಾಸ್ತಿಯಾಗುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ನಾನು ಕ್ಯಾಸ್ಟರ್ ಕಡೆ. ಕೈಯಿಂದ ಲಾಕ್ ಮಾಡುವ ಹಬ್ ಇದ್ದು, ಅದರ ಲಾಕ್ ತೆಗೆದು ಟೂ-ವೀಲ್‌ನಲ್ಲಿ ಓಡಿಸುವಾಗ ಮುಂದಿನ ಶಾಫ್ಟ್ ತಿರುಗುವುದೇ ಇಲ್ಲ. ಕ್ಯಾಸ್ಟರ್ ಮಾತ್ರ ದಿನಾ ಬೇಕು.

ಎತ್ತರಿಸಿದ ಮೇಲೆ ಗುಂಡಿ ಬಂದಾಗಲೆಲ್ಲ ಸ್ಟೀರಿಂಗ್ ತಾನಾಗಿ ತಿರುಗುತ್ತದೆ. ಯಾಕೆ?

ಇದಕ್ಕೆ ಬಂಪ್ ಸ್ಟಿಯರ್ ಅನ್ನುತ್ತಾರೆ. ಸ್ಟೀರಿಂಗ್ ಬಾಕ್ಸ್ ಛಾಸಿಯ ಜೊತೆ ಮೇಲೆ ಹೋಯಿತು, ಚಕ್ರ ಕೆಳಗೇ ಉಳಿಯಿತು. ನಡುವಿನ ಡ್ರ್ಯಾಗ್ ಲಿಂಕ್ ಈಗ ಕಡಿದಾದ ಇಳಿಜಾರು. ಚಕ್ರ ಮೇಲೆದ್ದಾಗ ಆ ಲಿಂಕ್ ಚಕ್ರವನ್ನು ತಳ್ಳುತ್ತದೆ. ಇಳಿಸಿದ ಪಿಟ್‌ಮನ್ ಆರ್ಮ್ ಹಾಕಿ ಡ್ರ್ಯಾಗ್ ಲಿಂಕನ್ನು ಮತ್ತೆ ಸಮತಟ್ಟಿನ ಹತ್ತಿರ ತರುವುದು ಒಂದು ದಾರಿ. ಚಕ್ರದ ನಕಲ್ (ತಿರುವಿನಲ್ಲಿ ಚಕ್ರದ ಜೊತೆ ತಿರುಗುವ ತುಂಡು) ಕಡೆಯ ಜೋಡಣೆಯನ್ನು ಮೇಲೆ ಎತ್ತುವುದು ಇನ್ನೊಂದು, ಅದು ಹೆಚ್ಚು ಒಳ್ಳೆಯದು, ಹೆಚ್ಚು ಕೆಲಸದ್ದು.

ಟ್ರ್ಯಾಕ್ ಬಾರ್ ಇರುವ ಗಾಡಿಯಲ್ಲಿ ನೆನಪಿಡಬೇಕಾದ್ದು ಒಂದೇ. ಡ್ರ್ಯಾಗ್ ಲಿಂಕ್ ಮತ್ತು ಟ್ರ್ಯಾಕ್ ಬಾರ್ ಜೋಡಿ ಎತ್ತುಗಳಿದ್ದ ಹಾಗೆ. ಒಂದೇ ಓರೆ, ಆದಷ್ಟು ಒಂದೇ ಉದ್ದ ಇರಬೇಕು. ಹಾಗಿದ್ದರೆ ಆಕ್ಸಲ್ ಮೇಲೆ ಕೆಳಗೆ ಆಡುವಾಗ ಎರಡೂ ಒಂದೇ ಕಮಾನಿನಲ್ಲಿ ಹೋಗುತ್ತವೆ. ಒಂದನ್ನು ಮಾತ್ರ ತಿದ್ದಿ ಇನ್ನೊಂದನ್ನು ಬಿಟ್ಟರೆ ಸಮಸ್ಯೆ ಮೊದಲಿಗಿಂತ ಜೋರಾಗುತ್ತದೆ. ಎತ್ತರಿಸಿದಾಗ ಟ್ರ್ಯಾಕ್ ಬಾರ್ ಆಕ್ಸಲ್ಲನ್ನು ಒಂದು ಪಕ್ಕಕ್ಕೆ, ಅಂದರೆ ಬಾರ್ ಛಾಸಿಗೆ ಕೂತ ಕಡೆಗೆ, ಎಳೆದುಕೊಳ್ಳುವುದೂ ಉಂಟು. ಒಂದು ಬದಿಯ ಟೈರ್ ಹೊರಗೆ, ಇನ್ನೊಂದು ಒಳಗೆ ಕಂಡರೆ ಕಾರಣ ಅದೇ.

ಡೆತ್ ವಾಬಲ್ ಬಂದರೆ ಏನು ಮಾಡಬೇಕು?

ಮೊದಲು ಬದುಕಿಕೊಳ್ಳಬೇಕು. 70–90 ಕಿಮೀ ವೇಗದಲ್ಲಿ ಒಂದು ಗುಂಡಿ ಸಿಕ್ಕಿ, ಇಡೀ ಮುಂಭಾಗ ಎಡಕ್ಕೆ ಬಲಕ್ಕೆ ಕುಣಿಯಲು ಶುರುವಾದರೆ ಸ್ಟೀರಿಂಗ್ ಎರಡೂ ಕೈಯಲ್ಲಿ ಹಿಡಿಯಿರಿ, ಹೆಬ್ಬೆರಳು ಒಳಗೆ ಸಿಕ್ಕಿಸಬೇಡಿ. ಆಕ್ಸಿಲರೇಟರ್ ಬಿಡಿ. ಬ್ರೇಕ್ ಮೇಲೆ ನಿಲ್ಲಬೇಡಿ. ವೇಗ ಇಳಿದರೆ ತಾನಾಗಿ ನಿಲ್ಲುತ್ತದೆ. ಮೊದಲ ಸಲ ಅನುಭವಿಸಿದವರು ರಸ್ತೆ ಪಕ್ಕ ನಿಲ್ಲಿಸಿ ಹತ್ತು ನಿಮಿಷ ಸುಮ್ನೆ ಕೂರುತ್ತಾರೆ. ನಾನೂ ಕೂತಿದ್ದೆ.

ಕಾರಣ ಹೆಚ್ಚಾಗಿ ಒಂದಲ್ಲ, ಎರಡು ಮೂರು ಸೇರಿರುತ್ತವೆ. ಟ್ರ್ಯಾಕ್ ಬಾರ್ ಸಡಿಲ, ಬಾಲ್ ಜಾಯಿಂಟ್ ಸವೆತ, ಟೈ ರಾಡ್ ಎಂಡ್, ಬ್ಯಾಲೆನ್ಸ್ ಇಲ್ಲದ ಟೈರ್, ತಪ್ಪಿದ ಕ್ಯಾಸ್ಟರ್. 1994ರ ನಂತರದ ರಾಮ್ ಓಡಿಸುವವರು ಟ್ರ್ಯಾಕ್ ಬಾರಿನಿಂದಲೇ ಹುಡುಕಾಟ ಶುರುಮಾಡಲಿ. ಒಂದು ಗ್ಯಾರೇಜಿನಲ್ಲಿ ಇದೇ ತೊಂದರೆಗೆ ಹೊಸ ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗ್ ಲಿಂಕಿಗೆ ಹಾಕುವ ಶಾಕ್) ಹಾಕಿ ಕಳಿಸಿದರು. ಮೂರು ವಾರ ಸರಿ ಇತ್ತು, ಆಮೇಲೆ ಅದೇ ರಾಗ. ಡ್ಯಾಂಪರ್ ನಡುಕವನ್ನು ಮುಚ್ಚಿಡುತ್ತದೆ, ವಾಸಿ ಮಾಡುವುದಿಲ್ಲ. ಎರಡು ಡ್ಯಾಂಪರ್ ಹಾಕಿದರೆ ಇನ್ನೂ ಚೆನ್ನಾಗಿ ಮುಚ್ಚಿಡುತ್ತದೆ, ಅಷ್ಟೇ.

ನನ್ನದು ಟಿಟಿಬಿ. ಎತ್ತರಿಸಲೇ, ಕಿತ್ತುಹಾಕಲೇ?

ಟಿಟಿಬಿಯನ್ನು ಬೈಯುವುದು ಫ್ಯಾಷನ್. ಒಪ್ಪುವುದಿಲ್ಲ. ಹಳೇ ಎತ್ತರದಲ್ಲಿ, ಒಳ್ಳೆ ಬುಷ್‌ಗಳ ಜೊತೆ ಅದು ಚೆನ್ನಾಗಿಯೇ ನಡೆಯುತ್ತದೆ. ತೊಂದರೆ ಏನೆಂದರೆ ಎರಡು ಬೀಮ್‌ಗಳು ಎದುರು ಬದಿಯ ಕೀಲಿನಿಂದ ತೂಗುವುದರಿಂದ ಎತ್ತರ ಬದಲಾದರೆ ಕ್ಯಾಂಬರ್, ಅಂದರೆ ಎದುರಿನಿಂದ ನೋಡಿದಾಗ ಚಕ್ರದ ವಾಲು, ಕೂಡ ಬದಲಾಗುತ್ತದೆ. ಎತ್ತರಿಸಿದರೆ ಚಕ್ರಗಳ ತಲೆ ಹೊರಕ್ಕೆ ವಾಲುತ್ತದೆ, ಸ್ಪ್ರಿಂಗ್ ಸೋತರೆ ಒಳಕ್ಕೆ. ಟೈರಿನ ಒಳ ಅಂಚು ಮಾತ್ರ ಬೋಳಾಗುತ್ತಿದ್ದರೆ ಸ್ಪ್ರಿಂಗ್ ಇಳಿದಿದೆ ಅಂತ ಟೈರೇ ಹೇಳುತ್ತಿದೆ. ಎತ್ತರಿಸುವುದಾದರೆ ಬೀಮಿನ ಕೀಲುಗಳನ್ನೂ ಅಷ್ಟೇ ಕೆಳಗಿಳಿಸುವ ಬ್ರ್ಯಾಕೆಟ್ ಬೇಕೇ ಬೇಕು.

ಡಾನಾ 60 ತಂದು ಕೂರಿಸುವ ಆಸೆ ಇದ್ದರೆ ಆಕ್ಸಲ್ ಒಂದೇ ತಂದರಾಗದು. ಹ್ಯಾಂಗರ್, ಸ್ಪ್ರಿಂಗ್, ಸ್ಟೀರಿಂಗ್ ಲಿಂಕ್, ಪ್ರೊಪೆಲ್ಲರ್ ಶಾಫ್ಟ್, ಬ್ರೇಕ್ ಎಲ್ಲ ಜೊತೆಗೇ ಬರಬೇಕು. ಗೇರ್ ಅನುಪಾತ ಹಿಂದಿನ ಆಕ್ಸಲ್ ಜೊತೆ ಹೊಂದಬೇಕು. ಡಿಫರೆನ್ಷಿಯಲ್ ಯಾವ ಕಡೆ ಇದೆ ಎಂಬುದನ್ನೂ ನೋಡಿ. ಈ ಫೋರ್ಡ್‌ಗಳಲ್ಲಿ ಎಡಕ್ಕೆ, 1973ರಿಂದ 1987ರ ಜಿಎಂನಲ್ಲಿ ಬಲಕ್ಕೆ. ಅಗ್ಗಕ್ಕೆ ಸಿಕ್ಕಿತು ಅಂತ ತಪ್ಪು ಕಡೆಯದನ್ನು ತಂದು ಮನೆ ಹಿಂದೆ ಮಳೆಗೆ ಒಡ್ಡಿಟ್ಟವರು ಇದ್ದಾರೆ.

1999–2004ರ ಸೂಪರ್ ಡ್ಯೂಟಿಗೆ 2005ರ ಕಾಯಿಲ್ ಆಕ್ಸಲ್ ಹಾಕಬಹುದಾ?

ಹಾಕಬಹುದು, ತುಂಬಾ ಜನ ಹಾಕಿದ್ದಾರೆ. ಕಾಯಿಲ್ ಮೆತ್ತಗಿರುತ್ತದೆ ಎಂಬುದಕ್ಕಿಂತ ದೊಡ್ಡ ಲಾಭ ತಿರುವಿನಲ್ಲಿದೆ. 2005ರ ಆಕ್ಸಲ್‌ನಲ್ಲಿ ಚಕ್ರ ಹೆಚ್ಚು ಕೋನಕ್ಕೆ ತಿರುಗುತ್ತದೆ, ಲೀಫ್ ಅಡ್ಡ ಬರುವುದಿಲ್ಲ. ಇಕ್ಕಟ್ಟಿನಲ್ಲಿ ನಾಲ್ಕು ಸಲ ಹಿಂದೆ ಮುಂದೆ ಮಾಡುತ್ತಿದ್ದ ಗಾಡಿ ಎರಡರಲ್ಲಿ ತಿರುಗುತ್ತದೆ. ಬ್ರೇಕೂ ದೊಡ್ಡದು. ಅದರಿಂದಾಗಿಯೇ ಹಳೇ 16 ಇಂಚಿನ ರಿಮ್ ಮೇಲೆ ಕೂರುವುದಿಲ್ಲ, 17 ಇಂಚಿನದು ಬೇಕು. ಬೋಲ್ಟ್ ಜೋಡಣೆ ಮಾತ್ರ 1999ರಿಂದ ಒಂದೇ, 170 ಮಿಮೀ ವೃತ್ತದಲ್ಲಿ 8. ಅದಕ್ಕೂ ಹಿಂದಿನ ಎಫ್-250, 350ರದು 165.1 ಮಿಮೀ. ಕಣ್ಣಿಗೆ ಒಂದೇ ಥರ ಕಂಡರೂ ಒಂದರ ರಿಮ್ ಇನ್ನೊಂದಕ್ಕೆ ಹೋಗುವುದಿಲ್ಲ. ಬಲವಂತವಾಗಿ ಬಿಗಿಯಲು ಹೋಗಬೇಡಿ.

ಕೆಲಸ ಸಣ್ಣದಲ್ಲ. ಕಾಯಿಲ್ ಕೂರುವ ಬಟ್ಟಲು, ರೇಡಿಯಸ್ ಆರ್ಮ್ ಬ್ರ್ಯಾಕೆಟ್, ಟ್ರ್ಯಾಕ್ ಬಾರ್ ಬ್ರ್ಯಾಕೆಟ್, ಶಾಕ್ ಜಾಗ, ಎಲ್ಲವೂ ಛಾಸಿಗೆ ಹೊಸದಾಗಿ ಬರಬೇಕು. ಟ್ರ್ಯಾಕ್ ಬಾರ್ ಬ್ರ್ಯಾಕೆಟ್ ಒಂದು ಕೂದಲೆಳೆ ಬಗ್ಗಿದರೂ ಅದು ಸ್ಟೀರಿಂಗ್‌ನಲ್ಲಿ ಗೊತ್ತಾಗುತ್ತದೆ. ವೆಲ್ಡಿಂಗ್ ಬರುತ್ತದೆ ಎಂಬ ಗೆಳೆಯನ ಕೈಗೆ ಕೊಡುವ ಕೆಲಸ ಇದಲ್ಲ. ದಿನಾ ಭಾರ ಹೊರುವ ಗಾಡಿಗೆ ಒಳ್ಳೆ ಲೀಫ್ ಹಾಕಿಕೊಂಡು ಸುಮ್ಮನಿರುವುದು ನನ್ನ ಸಲಹೆ.

ಶಾಕ್ ಎಷ್ಟು ಉದ್ದದ್ದು ಬೇಕು? ಕ್ಯಾಟಲಾಗ್ ನೋಡಿದರೆ ತಲೆ ತಿರುಗುತ್ತದೆ.

ಕ್ಯಾಟಲಾಗ್ ಮುಚ್ಚಿಡಿ, ಟೇಪ್ ತೆಗೆಯಿರಿ. ಮೇಲಿನ ಮತ್ತು ಕೆಳಗಿನ ಶಾಕ್ ಬೋಲ್ಟ್ ನಡುವಿನ ದೂರವನ್ನು ಮೂರು ಸ್ಥಿತಿಯಲ್ಲಿ ಅಳೆಯಿರಿ. ಗಾಡಿ ತನ್ನ ಭಾರದಲ್ಲಿ ನಿಂತಾಗ, ಆಕ್ಸಲ್ ಪೂರ್ತಿ ಜೋತು ಬಿದ್ದಾಗ, ಬಂಪ್ ಸ್ಟಾಪ್ ಪೂರ್ತಿ ಒತ್ತಿದಾಗ. ಶಾಕಿನ ಅತಿ ಚಿಕ್ಕ ಉದ್ದ ಕೊನೆಯ ಅಳತೆಗಿಂತ ಚಿಕ್ಕದಿರಬೇಕು, ಇಲ್ಲದಿದ್ದರೆ ಬಂಪ್ ಸ್ಟಾಪಿನ ಕೆಲಸ ಶಾಕ್ ಮಾಡಿ ಒಡೆದುಹೋಗುತ್ತದೆ.

ಆಕ್ಸಲ್ ಜೋತು ಬಿದ್ದಿರುವಾಗಲೇ ಬ್ರೇಕ್ ಹೋಸ್ ನೋಡಿ. ಸ್ಟೀರಿಂಗ್ ಎರಡೂ ಕೊನೆಗೆ ತಿರುಗಿಸಿ ನೋಡಿ. ಹೋಸ್ ತಂತಿಯ ಹಾಗೆ ಬಿಗಿದಿದ್ದರೆ ಉದ್ದನೆಯದು ಹಾಕಿಸದೆ ಗಾಡಿ ಹೊರಗೆ ತೆಗೆಯಬೇಡಿ. ಎಬಿಎಸ್ ವೈರ್, ಡಿಫರೆನ್ಷಿಯಲ್‌ನ ಗಾಳಿ ಪೈಪ್ ಕೂಡ ಅದೇ ಹೊತ್ತಿಗೆ ನೋಡಿಬಿಡಿ.

35 ಇಂಚಿನ ಟೈರ್ ಹಾಕಿದರೆ ಏನೇನು ಬದಲಾಗುತ್ತದೆ?

265/75ಆರ್16 ಟೈರಿನ ಎತ್ತರ ಸುಮಾರು 31.6 ಇಂಚು. 35ಕ್ಕೆ ಹೋದರೆ ಸುಮಾರು ಶೇಕಡಾ 10.6 ಹೆಚ್ಚು. ಮೀಟರ್ 100 ತೋರಿಸಿದಾಗ ನೀವು ನಿಜಕ್ಕೂ 110ರ ಆಸುಪಾಸು ಇರುತ್ತೀರಿ. ಆಕ್ಸಲ್‌ನ ಗೇರ್ ಅನುಪಾತ 3.73 ಇದ್ದದ್ದು 3.37 ಇದ್ದ ಹಾಗೆ ಆಗುತ್ತದೆ, ಭಾರ ಎಳೆಯುವಾಗ ಉಸಿರು ಕಟ್ಟುತ್ತದೆ. 4.10 ಹಾಕಿಸಿದರೆ ಹೆಚ್ಚುಕಮ್ಮಿ ಹಳೇ ಎಳೆತ ವಾಪಸ್. ಟೈರ್ ತೂಕ ಜಾಸ್ತಿಯಾದ್ದರಿಂದ ಬಾಲ್ ಜಾಯಿಂಟ್, ಟೈ ರಾಡ್, ಸ್ಟೀರಿಂಗ್ ಬಾಕ್ಸ್ ಬೇಗ ಸವೆಯುತ್ತವೆ, ಬ್ರೇಕ್ ಸ್ವಲ್ಪ ತಡವಾಗಿ ಹಿಡಿದ ಹಾಗೆ ಅನ್ನಿಸುತ್ತದೆ. ಜಾಗ ಎತ್ತರದಿಂದ ಮಾತ್ರ ಸಿಗುವುದಿಲ್ಲ. ಪೂರ್ತಿ ತಿರುಗಿಸಿದಾಗ ಟೈರ್ ಲೀಫ್ ಸ್ಪ್ರಿಂಗಿಗೆ ಉಜ್ಜುತ್ತದಾ ಅಂತ ನೋಡಿ. ಉಜ್ಜಿದರೆ ಸ್ಟೀರಿಂಗ್ ಸ್ಟಾಪ್ ಬೋಲ್ಟ್ ಹೊಂದಿಸಬೇಕು.

ರಬ್ಬರ್ ಬುಷ್ ಒಳ್ಳೆಯದಾ, ಪಾಲಿಯುರೆಥೇನ್ ಒಳ್ಳೆಯದಾ?

ಶಾಕಲ್‌ಗೆ ರಬ್ಬರ್. ಮೆತ್ತಗೆ, ಸದ್ದಿಲ್ಲ, ಗ್ರೀಸ್ ಕೇಳುವುದಿಲ್ಲ. ಟ್ರ್ಯಾಕ್ ಬಾರ್‌ಗೆ ಪಾಲಿ ಹಾಕಿದರೆ ಸ್ಟೀರಿಂಗ್ ಚುರುಕಾಗುತ್ತದೆ, ಆದರೆ ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ. ರಬ್ಬರ್ ಬುಷ್ ಹಾಕುವಾಗ ಗಾಡಿ ಎತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿಯಬೇಡಿ. ಚಕ್ರ ನೆಲಕ್ಕೆ ತಾಗಿ ಭಾರ ಕೂತ ಮೇಲೆ ಬಿಗಿಯಿರಿ. ಇಲ್ಲದಿದ್ದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಗಾಡಿ ಒಂದು ಬದಿಗೆ ವಾಲಿದೆ. ಹೊಸ ಸ್ಪ್ರಿಂಗ್ ಹಾಕಿದ ಮೇಲೂ!

ಎಡದ ಸ್ಪ್ರಿಂಗ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ನೋಡಿ, ಎರಡೂ ಒಂದೇ ಅಳತೆಯವಾಗಿದ್ದರೆ. ವಾಲು ಜೊತೆಗೇ ಬಂದರೆ ಸ್ಪ್ರಿಂಗಿನ ತಪ್ಪು. ಬರದಿದ್ದರೆ ಹಿಂದಿನ ಸ್ಪ್ರಿಂಗ್, ಶಾಕಲ್, ಛಾಸಿ ಹುಡುಕಿ. ಎಷ್ಟೋ ಸಲ ಮುಂದಿನ ವಾಲಿಗೆ ಕಾರಣ ಹಿಂದಿನ ಮುರಿದ ಬ್ಲೇಡು.

ಮನೆಯಲ್ಲೇ ಮಾಡಿಕೊಳ್ಳಬಹುದಾ?

ಲೀಫ್, ಶಾಕ್, ಯು-ಬೋಲ್ಟ್ (ಸ್ಪ್ರಿಂಗನ್ನು ಆಕ್ಸಲ್‌ಗೆ ಕಟ್ಟುವ ಯು ಆಕಾರದ ಬೋಲ್ಟ್) ಬದಲಿಸುವಷ್ಟು ಮಾಡಬಹುದು. ಗಟ್ಟಿ ನೆಲ ಬೇಕು, ಛಾಸಿಯ ಕೆಳಗೆ ಗಾಡಿಯ ತೂಕಕ್ಕೆ ತಕ್ಕ ಸ್ಟ್ಯಾಂಡ್ ಬೇಕು. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ. ಯು-ಬೋಲ್ಟ್ ಬಿಚ್ಚುವ ಮುಂಚೆ ಆಕ್ಸಲ್ ಕೆಳಗೆ ಇನ್ನೊಂದು ಜ್ಯಾಕ್ ಇರಲಿ. ಬ್ಲೇಡುಗಳನ್ನು ಒಟ್ಟಿಗೆ ಹಿಡಿದ ಸೆಂಟರ್ ಬೋಲ್ಟ್ ಬಿಚ್ಚುವಾಗ ಅವುಗಳನ್ನು ಕ್ಲ್ಯಾಂಪ್ ಹಾಕಿ ಹಿಡಿದಿರಿ, ಇಲ್ಲದಿದ್ದರೆ ಅವು ಎಗರುತ್ತವೆ. ಕಾಯಿಲ್ ಸ್ಪ್ರಿಂಗ್ ಇದ್ದರೆ ಇನ್ನೂ ಹುಷಾರು. ಛಾಸಿಗೆ ವೆಲ್ಡ್ ಮಾಡುವ ಮುಂಚೆ ಬ್ಯಾಟರಿ ಬಿಚ್ಚಿ. ಲೀಫ್ ಸ್ಪ್ರಿಂಗಿಗೆ, ಸ್ಟೀರಿಂಗ್ ಲಿಂಕಿಗೆ ಬೆಂಕಿ ಅಥವಾ ವೆಲ್ಡಿಂಗ್ ತೋರಿಸಲೇಬೇಡಿ.

ತುಕ್ಕು ಹಿಡಿದ ಸ್ಪ್ರಿಂಗ್ ಬೋಲ್ಟ್ ಬುಷ್‌ನ ಒಳಗಿನ ಕೊಳವೆಗೆ ಅಂಟಿಕೊಂಡಿರುತ್ತದೆ. ಮೂರು ದಿನ ಮೊದಲಿಂದಲೇ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಾ ಬನ್ನಿ. ಆದರೂ ಅರ್ಧ ಬೋಲ್ಟ್‌ಗಳನ್ನು ಕತ್ತರಿಸಲೇಬೇಕಾಗುತ್ತದೆ. ಹೊಸ ಬೋಲ್ಟ್ ಮೊದಲೇ ತಂದಿಟ್ಟುಕೊಳ್ಳಿ.

ಕೆಲಸ ಮುಗಿದ ಮೇಲೆ?

ಅಲೈನ್‌ಮೆಂಟ್ ಮಾಡಿಸಿ. ಸಾಲಿಡ್ ಆಕ್ಸಲ್‌ನಲ್ಲಿ ಸುಲಭವಾಗಿ ಹೊಂದಿಸಬಹುದಾದದ್ದು ಟೋ (ಮೇಲಿನಿಂದ ನೋಡಿದಾಗ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವುದು) ಒಂದೇ. ಸುಮಾರು 1.5ರಿಂದ 3 ಮಿಮೀ ಒಳಮುಖ ಇರಲಿ. ನೂರಿನ್ನೂರು ಕಿಮೀ ಓಡಿದ ಮೇಲೆ ಯು-ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿಯಿರಿ. ಹೊಸ ಸ್ಪ್ರಿಂಗ್ ಕೂರುತ್ತಿದ್ದಂತೆ ಅವು ಸಡಿಲವಾಗೇ ಆಗುತ್ತವೆ. ಹೆಡ್‌ಲೈಟ್ ಕೆಳಗಿಳಿಸಿ, ಎದುರಿನವರ ಕಣ್ಣಿಗೂ ಸ್ವಲ್ಪ ಮರ್ಯಾದೆ ಇರಲಿ.

ಬಿಚ್ಚಿದ ಹಳೇ ಸಾಮಾನು ಗುಜರಿಗೆ ಹಾಕಿಬಿಡಲೇ?

ಯು-ಬೋಲ್ಟ್ ಗುಜರಿಗೆ ಹಾಕಿ, ಅವನ್ನು ಎರಡನೇ ಸಲ ಬಳಸುವಂತಿಲ್ಲ. ಒಮ್ಮೆ ಬಿಗಿದಾಗ ಹಿಗ್ಗಿರುತ್ತವೆ. ಪಿಟ್‌ಮನ್ ಆರ್ಮ್, ಸ್ಪ್ರಿಂಗ್ ಪ್ಲೇಟ್, ಹ್ಯಾಂಗರ್ ಎತ್ತಿಡಿ. ಬಿಚ್ಚುವ ಮುಂಚೆ ಎಲ್ಲ ಕಡೆ ಅಳತೆ ಬರೆದುಕೊಂಡ ಚೀಟಿಯನ್ನೂ ಅವುಗಳ ಜೊತೆಗೇ ಕಟ್ಟಿಡಿ. ನನ್ನ ಚೀಟಿ ಆರು ವರ್ಷದಿಂದ ಗ್ಲೋವ್ ಬಾಕ್ಸ್‌ನಲ್ಲಿದೆ, ಗ್ರೀಸ್ ಹತ್ತಿ ಅರ್ಧ ಅಕ್ಷರ ಕಾಣಿಸುವುದಿಲ್ಲ. ಆದರೂ ಪ್ರತಿ ಸಲ ಏನಾದರೂ ಬಿಚ್ಚುವ ಮುಂಚೆ ಮೊದಲು ಹುಡುಕುವುದು ಅದನ್ನೇ.